ಫುಲ್ ಆಕ್ಸೆಸ್ ಕೊಟ್ಟಿದೀನಿ, ಆದ್ರೂ ಆ ಐಡಿಯಿಂದ ಮೇಲ್ ಹೋಗ್ತಿಲ್ಲ, ಯಾಕೆ?

ಪ್ರಶ್ನೆ: ಸರ್, ನಮ್ಮ ಆಫೀಸಲ್ಲಿ ಐಟಿ ಅಂದ್ರೆ ನಾನೊಬ್ನೇ. ಎಕ್ಸ್‌ಚೇಂಜ್ ಮೇಲ್ (ಮೈಕ್ರೋಸಾಫ್ಟಿನ ಆಫೀಸ್ ಮೇಲ್ ವ್ಯವಸ್ಥೆ) ಇದೆ. ಬಿಲ್ಲಿಂಗ್ ಅಂತ ಒಂದು ಐಡಿ, ಅದರ ಪಾಸ್‌ವರ್ಡ್ ಮೊದ್ಲಿಂದ ಏಳು ಜನರ ಹತ್ರ ಇತ್ತು. ಹೋದ ವಾರ ಆ ಐಡಿಯಿಂದ ಒಬ್ಬ ಕಸ್ಟಮರ್‌ಗೆ ಬಹಳ ಒರಟಾಗಿ ಒಂದು ಉತ್ತರ ಹೋಗಿದೆ, ಯಾರು ಕಳ್ಸಿದ್ದು ಅಂದ್ರೆ ಯಾರೂ ಬಾಯಿ ಬಿಡ್ತಿಲ್ಲ, ಅದೇ ವಾರ ಒಬ್ರು ಕೆಲಸಾನೂ ಬಿಟ್ರು. ಇನ್ನು ಇದೆಲ್ಲ ಬೇಡ ಅಂತ ಅದನ್ನ ಶೇರ್ಡ್ ಮೇಲ್‌ಬಾಕ್ಸ್ (ಹಲವರು ಅವ್ರವ್ರ ಲಾಗಿನ್‌ನಲ್ಲೇ ತೆರೆಯೋ ಮೇಲ್‌ಬಾಕ್ಸ್) ಮಾಡಿ ನಾಲ್ಕು ಜನಕ್ಕೆ ಹೆಸರು ಹಾಕಿ ಫುಲ್ ಆಕ್ಸೆಸ್ ಕೊಟ್ಟೆ, ಇನ್ನಿಬ್ರು ಒಂದು ಗ್ರೂಪಲ್ಲಿ ಇದ್ರು ಅಂತ ಗ್ರೂಪಿಗೇ ಕೊಟ್ಟೆ. ನಾಲ್ಕು ಜನಕ್ಕೆ ಔಟ್‌ಲುಕ್‌ನಲ್ಲಿ ತಾನಾಗೇ ಬಂತು, ಆ ಇಬ್ಬರಿಗೆ ಬರ್ಲೇ ಇಲ್ಲ. ಬಂದವ್ರಿಗೂ ಓದೋಕಾಗತ್ತೆ, ಕಳ್ಸೋಕೆ ಹೋದ್ರೆ ನಿಮಗೆ ಅನುಮತಿ ಇಲ್ಲ ಅಂತ ವಾಪಸ್ ಬರತ್ತೆ. ಆಮೇಲೆ ಸೆಂಡ್ ಆಸ್ (ಆ ಐಡಿ ಹೆಸರಲ್ಲೇ ಕಳ್ಸೋ ಹಕ್ಕು) ಕೂಡ ಕೊಟ್ಟೆ, ಹತ್ತು ನಿಮಿಷ ನೋಡ್ದೆ, ಅದೇ ಕಥೆ, ತೆಗೆದು ಮತ್ತೆ ಕೊಟ್ಟೆ, ಈಗ ಒಬ್ರಿಗೆ ಹೋಗತ್ತೆ ಒಬ್ರಿಗೆ ಇಲ್ಲ. ಒಬ್ರು ಕಳ್ಸಿದ್ದು ಇನ್ನೊಬ್ರಿಗೆ ಕಾಣ್ತಿಲ್ಲ. ಇದರ ಮಧ್ಯೆ ಮ್ಯಾನೇಜರ್ ರಜೆ ಹೋಗ್ತಿದಾರೆ, ಅವ್ರ ಮೇಲ್‌ಬಾಕ್ಸಿಗೂ ಒಬ್ರಿಗೆ ಫುಲ್ ಆಕ್ಸೆಸ್ ಕೊಡು ಅಂತಿದಾರೆ. ಎಲ್ರೂ ಈಗ ಪಾಸ್‌ವರ್ಡೇ ವಾಸಿ ಇತ್ತು ಅಂತಿದಾರೆ, ಜೊತೆಗೆ ನೀನು ಅಡ್ಮಿನ್ ಅಲ್ವಾ, ಹೇಗೂ ನಮ್ಮೆಲ್ರ ಮೇಲ್ ಓದ್ತಿರ್ತೀಯ ಅಂತ ಬೇರೆ. ಏನ್ ಮಾಡ್ಲಿ?

ಉತ್ತರ: ಮೊದ್ಲು ಒಂದು ಅರ್ಜೆಂಟ್ ಕೆಲ್ಸ, ಪರ್ಮಿಷನ್ ಕಥೆ ಆಮೇಲೆ ನೋಡೋಣ. ನಿಮ್ಮದು ಮೈಕ್ರೋಸಾಫ್ಟ್ 365 ಕ್ಲೌಡ್ ಆಗಿದ್ರೆ, ಅಂದ್ರೆ ಮೇಲ್ ನಿಮ್ಮ ಸ್ವಂತ ಸರ್ವರಲ್ಲಿ ಅಲ್ಲ ಮೈಕ್ರೋಸಾಫ್ಟಿನದ್ರಲ್ಲಿ ಇದ್ರೆ, ಆ ಬಿಲ್ಲಿಂಗ್ ಅಕೌಂಟಿನ ಸೈನ್ ಇನ್ ಲಾಗ್ (ಯಾವಾಗ ಎಲ್ಲಿಂದ ಲಾಗಿನ್ ಆಗಿದೆ ಅನ್ನೋ ದಾಖಲೆ) ಇವತ್ತೇ ಡೌನ್‌ಲೋಡ್ ಮಾಡಿ ಇಟ್ಕೊಳ್ಳಿ, ಯಾಕಂದ್ರೆ ಉಚಿತ ಪ್ಲ್ಯಾನಲ್ಲಿ ಅದು 7 ದಿನ ಮಾತ್ರ ಇರತ್ತೆ, ಪ್ರೀಮಿಯಂ ಪ್ಲ್ಯಾನ್ ಇದ್ರೆ 30 ದಿನ. ನೀವು ಹೋದ ವಾರ ಅಂತಿದೀರ, ಅಂದ್ರೆ ಅದು ಅಳಿಸಿ ಹೋಗೋ ಅಂಚಲ್ಲಿದೆ. ಆದ್ರೆ ಅದ್ರಲ್ಲಿ ಅಪರಾಧಿ ಹೆಸರು ಸಿಗತ್ತೆ ಅಂತ ಆಸೆ ಇಟ್ಕೋಬೇಡಿ. ಏಳು ಜನ ಒಂದೇ ಪಾಸ್‌ವರ್ಡಲ್ಲಿ ಒಳಗೆ ಹೋಗಿದಾರೆ, ಸರ್ವರ್ ಕಣ್ಣಿಗೆ ಏಳೂ ಜನ ಬಿಲ್ಲಿಂಗೇ. ಐಪಿ ವಿಳಾಸ, ಯಾವ ಸಾಧನ, ಎಷ್ಟು ಹೊತ್ತಿಗೆ ಅನ್ನೋದು ಸಿಗತ್ತೆ, ಅಷ್ಟೇ. ಎಲ್ರೂ ಆಫೀಸ್ ನೆಟ್‌ವರ್ಕಲ್ಲೇ ಇದ್ರೆ ಐಪಿನೂ ಒಂದೇ ಇರತ್ತೆ, ಅಲ್ಲಿಗೆ ದಾರಿ ಮುಗೀತು. ಯಾರೋ ಮನೆಯಿಂದಲೋ ಫೋನಿಂದಲೋ ಕಳ್ಸಿದ್ರೆ ಸುಳಿವು ಸಿಗಬಹುದು. ಸುಳಿವು ಮಾತ್ರ, ಅದನ್ನ ಹಿಡ್ಕೊಂಡು ಯಾರ ಮೇಲೂ ಗೂಬೆ ಕೂರಿಸ್ಬೇಡಿ. ಪಾಸ್‌ವರ್ಡೇ ವಾಸಿ ಇತ್ತು ಅನ್ನೋರಿಗೆ ಇದನ್ನೇ ತೋರಿಸಿ.

ಅದೇ ಕೂತಲ್ಲೇ ಎರಡನೇ ಕೆಲ್ಸ. ಮಾಮೂಲಿ ಮೇಲ್‌ಬಾಕ್ಸನ್ನ ಶೇರ್ಡ್ ಆಗಿ ಬದಲಾಯಿಸಿದ ತಕ್ಷಣ ಹಳೇ ಪಾಸ್‌ವರ್ಡ್ ಸತ್ತೋಯ್ತು ಅಂತ ಸುಮಾರು ಜನ ಅಂದ್ಕೊಂಡಿರ್ತಾರೆ, ಕ್ಲೌಡಲ್ಲಿ ಹಾಗಾಗಲ್ಲ. ಶೇರ್ಡ್ ಮೇಲ್‌ಬಾಕ್ಸಿನ ಹಿಂದೆ ಒಂದು ಯೂಸರ್ ಅಕೌಂಟ್ ಇದ್ದೇ ಇರತ್ತೆ, ನೀವು ಬದಲಾಯಿಸಿದ್ರೆ ಹಳೇ ಪಾಸ್‌ವರ್ಡ್ ಸಮೇತ ಅದು ಹಾಗೇ ಉಳಿಯತ್ತೆ. ಅಂದ್ರೆ ಕೆಲ್ಸ ಬಿಟ್ಟೋದವ್ರ ಫೋನಲ್ಲಿ ಬಿಲ್ಲಿಂಗ್ ಮೇಲ್ ಈಗಲೂ ಬರ್ತಿರೋ ಸಾಧ್ಯತೆ ಇದೆ. ಪಾಸ್‌ವರ್ಡ್ ರೀಸೆಟ್ ಮಾಡಿ, ಆ ಅಕೌಂಟಿನ ಸೈನ್ ಇನ್ ಬ್ಲಾಕ್ ಮಾಡಿ, ಈಗಾಗಲೇ ತೆರೆದಿರೋ ಸೆಷನ್‌ಗಳನ್ನೂ ಕಿತ್ತಾಕಿ. ಅಕೌಂಟನ್ನೇ ಡಿಲೀಟ್ ಮಾಡೋಕೆ ಹೋಗ್ಬೇಡಿ ಮತ್ತೆ, ಮೇಲ್‌ಬಾಕ್ಸ್ ನಿಂತಿರೋದೇ ಅದರ ಮೇಲೆ. ನಿಮ್ಮದೇ ಸ್ವಂತ ಸರ್ವರ್ ಆಗಿದ್ರೆ ಶೇರ್ಡ್ ಆಗಿ ಬದಲಾಯಿಸ್ದಾಗ ಆ ಅಕೌಂಟ್ ಡಿಸೇಬಲ್ ಆಗತ್ತೆ, ಆದ್ರೂ ಆಕ್ಟಿವ್ ಡೈರೆಕ್ಟರಿಲಿ (ಆಫೀಸಿನ ಯೂಸರ್ ಅಕೌಂಟ್‌ಗಳೆಲ್ಲ ಇರೋ ಜಾಗ) ಒಂದ್ಸಲ ಕಣ್ಣಾರೆ ನೋಡ್ಬಿಡಿ, ಯಾರೋ ಪುಣ್ಯಾತ್ಮರು ಲಾಗಿನ್ ಆಗ್ತಿಲ್ಲ ಅಂತ ವಾಪಸ್ ಎನೇಬಲ್ ಮಾಡಿರೋದನ್ನ ಬೇಕಾದಷ್ಟು ಕಡೆ ನೋಡಿದೀನಿ.

ಈಗ ನಿಮ್ಮ ಮುಖ್ಯ ತಲೆನೋವಿಗೆ ಬರ್ತೀನಿ. ಫುಲ್ ಆಕ್ಸೆಸ್ ಅನ್ನೋ ಹೆಸರೇ ದಾರಿ ತಪ್ಪಿಸತ್ತೆ, ಫುಲ್ ಅಂದ್ಮೇಲೆ ಎಲ್ಲಾ ಸೇರಿರತ್ತೆ ಅಂತ ಯಾರಿಗಾದ್ರೂ ಅನ್ಸತ್ತೆ, ಆದ್ರೆ ಕಳ್ಸೋದು ಅದ್ರಲ್ಲಿ ಸೇರಿಲ್ಲ. ಆಫೀಸ್ ಬೀಗದ ಕೈ ಕೊಟ್ಟ ಮಾತ್ರಕ್ಕೆ ಕಂಪನಿ ಪರವಾಗಿ ಸಹಿ ಹಾಕೋ ಅಧಿಕಾರ ಕೊಟ್ಟ ಹಾಗಾಗಲ್ವಲ್ಲ, ಹಾಗೆ. ಫುಲ್ ಆಕ್ಸೆಸ್ ಇದ್ದವ್ರು ಮೇಲ್‌ಬಾಕ್ಸ್ ತೆರೀಬಹುದು, ಓದಬಹುದು, ಡಿಲೀಟ್ ಮಾಡಬಹುದು, ಫೋಲ್ಡರ್ ಮಾಡಬಹುದು, ರೂಲ್ಸ್ (ಬಂದ ಮೇಲನ್ನ ತಾನಾಗೇ ಸರಿಸೋ, ಫಾರ್ವರ್ಡ್ ಮಾಡೋ ಸೂಚನೆ) ಕೂಡ ಹಾಕಬಹುದು. ಆ ವಿಳಾಸದಿಂದ ಒಂದು ಸಾಲು ಹೊರಗೆ ಕಳ್ಸೋಕೆ ಮಾತ್ರ ಆಗಲ್ಲ. ಅದಕ್ಕೆ ಬೇರೆ ಎರಡು ಹಕ್ಕು ಇದೆ, ಎರಡ್ರಲ್ಲಿ ಒಂದು ಬೇಕು. ಸೆಂಡ್ ಆಸ್ ಕೊಟ್ರೆ ಕಸ್ಟಮರ್‌ಗೆ ಬಿಲ್ಲಿಂಗ್ ಅಂತ ಮಾತ್ರ ಕಾಣತ್ತೆ, ಹಿಂದೆ ಕೂತು ಟೈಪ್ ಮಾಡಿದ್ದು ಯಾರು ಅಂತ ಗೊತ್ತೇ ಆಗಲ್ಲ. ಸೆಂಡ್ ಆನ್ ಬಿಹಾಫ್ ಕೊಟ್ರೆ ಬಿಲ್ಲಿಂಗ್ ಪರವಾಗಿ ಇಂಥವರು ಅಂತ ಇಬ್ಬರ ಹೆಸರೂ ಹೋಗತ್ತೆ. ಎರಡನ್ನೂ ಒಬ್ರಿಗೇ ಕೊಟ್ರೆ ಸೆಂಡ್ ಆಸ್ ಗೆಲ್ಲತ್ತೆ, ಹಾಗಾಗಿ ಹೆಸರು ಕಾಣ್ಲಿ ಅಂತ ಬಿಹಾಫ್ ಕೊಟ್ಟು ಆಮೇಲೆ ಇರ್ಲಿ ಅಂತ ಸೆಂಡ್ ಆಸ್ ಕೂಡ ಟಿಕ್ ಮಾಡಿದ್ರೆ ಮೊದಲನೇದು ವೇಸ್ಟ್.

ಉಲ್ಟಾನೂ ಅಷ್ಟೇ, ಸೆಂಡ್ ಆಸ್ ಇದ್ದ ಮಾತ್ರಕ್ಕೆ ಆ ಮೇಲ್‌ಬಾಕ್ಸ್ ಓದೋಕಾಗಲ್ಲ. ಒಂದು ಓದೋ ಹಕ್ಕು, ಇನ್ನೊಂದು ಮಾತಾಡೋ ಹಕ್ಕು, ಎರಡಕ್ಕೂ ಸಂಬಂಧ ಇಲ್ಲ. ಅದಕ್ಕೇ ಟಿಕ್ ಹಾಕೋ ಮುಂಚೆ ನಿಮ್ಮ ಮ್ಯಾನೇಜರ್ ಹತ್ರ ಒಂದೇ ಒಂದು ಮಾತು ಕೇಳಿ, ಆರು ಜನಾನೂ ಕಸ್ಟಮರ್‌ಗೆ ಉತ್ತರ ಬರೀತಾರಾ? ನನ್ನ ಅನುಭವದಲ್ಲಿ ಇಂಥ ಐಡಿಗಳಲ್ಲಿ ನಿಜವಾಗ್ಲೂ ಬರೆಯೋರು ಇಬ್ರೋ ಮೂವರೋ, ಉಳಿದವ್ರು ನೋಡ್ಕೊಂಡಿದ್ರೆ ಸಾಕು ಅನ್ನೋರು. ಎಲ್ರಿಗೂ ಎಲ್ಲಾ ಕೊಟ್ಬಿಡೋದು ಆವತ್ತಿಗೆ ಸುಲಭ, ಹೋದ ವಾರದ ಥರದ್ದು ಇನ್ನೊಂದು ಮೇಲ್ ಹೋದಾಗ ಹುಡುಕೋ ಪಟ್ಟಿ ಉದ್ದ ಆಗತ್ತೆ.

ಬಿಹಾಫ್ ಹೆಚ್ಚು ಸೇಫ್, ಸೆಂಡ್ ಆಸ್ ಅಪಾಯ ಅಂತ ಒಂದು ಮಾತು ಓಡಾಡತ್ತೆ, ಅದು ಅರ್ಧ ಸತ್ಯ. ಕಸ್ಟಮರ್ ಕಣ್ಣಿಗೆ ಹೆಸರು ಕಾಣ್ದೇ ಇರಬಹುದು, ಆದ್ರೆ ಆಡಿಟ್ ಲಾಗ್ (ಯಾರು ಏನು ಮಾಡಿದ್ರು ಅನ್ನೋ ದಾಖಲೆ) ಆನ್ ಇದ್ರೆ ಸೆಂಡ್ ಆಸ್‌ನಲ್ಲಿ ಕಳ್ಸಿದ್ದು ಯಾರು ಅನ್ನೋದು ಅಲ್ಲಿ ಬಿದ್ದಿರತ್ತೆ, ಯಾಕಂದ್ರೆ ಈಗ ಅವ್ರು ಒಳಗೆ ಬಂದಿರೋದು ಅವ್ರವ್ರ ಸ್ವಂತ ಲಾಗಿನ್‌ನಲ್ಲಿ. ಕ್ಲೌಡಲ್ಲಿ ಮೇಲ್‌ಬಾಕ್ಸ್ ಆಡಿಟಿಂಗ್ 2019ರಿಂದ ಡಿಫಾಲ್ಟಾಗೇ ಆನ್. ಸ್ವಂತ ಸರ್ವರಲ್ಲಿ ಡಿಫಾಲ್ಟಾಗಿ ಆಫ್ ಇರತ್ತೆ, ಒಂದೊಂದು ಮೇಲ್‌ಬಾಕ್ಸಿಗೂ ನೀವೇ ಪವರ್‌ಶೆಲ್‌ನಲ್ಲಿ (ಕಮ್ಯಾಂಡ್ ಟೈಪ್ ಮಾಡೋ ವಿಂಡೋ) ಸೆಟ್-ಮೇಲ್‌ಬಾಕ್ಸ್ ಕಮ್ಯಾಂಡಲ್ಲಿ ಆಡಿಟ್‌ಎನೇಬಲ್ಡ್ ಅನ್ನೋದನ್ನ ಟ್ರೂ ಮಾಡ್ಬೇಕು, ಮಾಡಿದ ಮೇಲೆ 90 ದಿನದ ದಾಖಲೆ ಉಳಿಯತ್ತೆ. ಹಿಂದಿನದಕ್ಕೆ ಸಿಗಲ್ಲ, ಹಾಗಾಗಿ ಇವತ್ತೇ ಆನ್ ಮಾಡಿ. ಕಸ್ಟಮರ್ ಮುಂದೆ ಒಂದೇ ಮುಖ ಇರ್ಲಿ, ಒಳಗೆ ಲೆಕ್ಕ ಇರ್ಲಿ ಅನ್ನೋದಾದ್ರೆ ಬಿಲ್ಲಿಂಗ್ ಥರದ ಐಡಿಗೆ ನಾನು ಸೆಂಡ್ ಆಸೇ ಹಾಕೋದು.

ಇನ್ನು ಹತ್ತು ನಿಮಿಷದ ವಿಷ್ಯ. ನಿಮ್ಮ ಅರ್ಧ ಕಷ್ಟ ಬಂದಿರೋದೇ ಇಲ್ಲಿಂದ. ಪರ್ಮಿಷನ್ ಕೊಟ್ಟ ತಕ್ಷಣ ಜಾರಿಗೆ ಬರಲ್ಲ, ಸರ್ವರ್ ಯಾರಿಗೆ ಏನು ಹಕ್ಕು ಅನ್ನೋದನ್ನ ಸ್ವಲ್ಪ ಹೊತ್ತು ನೆನಪಲ್ಲಿ ಇಟ್ಕೊಂಡು ಅದನ್ನೇ ನೋಡ್ತಿರತ್ತೆ, ಹೊಸದು ಎಲ್ಲಾ ಕಡೆ ತಲುಪೋಕೆ ಒಂದು ಗಂಟೆ, ಕೆಲವ್ಸಲ ಎರಡು ಗಂಟೆ ಹಿಡಿಯತ್ತೆ. ಹತ್ತು ನಿಮಿಷಕ್ಕೆ ತೆಗೆದು ಮತ್ತೆ ಹಾಕಿದ್ರೆ, ಈಗ ನೀವು ಟೆಸ್ಟ್ ಮಾಡ್ತಿರೋದು ಮೊದಲ್ನೇ ಸಲ ಕೊಟ್ಟಿದ್ದನ್ನೋ, ತೆಗೆದಿದ್ದನ್ನೋ, ಎರಡನೇ ಸಲ ಕೊಟ್ಟಿದ್ದನ್ನೋ ಅಂತ ನಿಮಗೂ ಗೊತ್ತಾಗಲ್ಲ ಸರ್ವರ್‌ಗೂ ಗೊತ್ತಾಗಲ್ಲ. ಒಬ್ರಿಗೆ ಹೋಗತ್ತೆ ಒಬ್ರಿಗೆ ಇಲ್ಲ ಅಂದ್ರೆ ಹೆಚ್ಚಾಗಿ ಇದೇ. ಒಂದ್ಸಲ ಸರಿಯಾಗಿ ಕೊಡಿ, ಕೈ ಕಟ್ಕೊಂಡು ಕೂತ್ಕೊಳ್ಳಿ, ಕಾಫಿ ಕುಡೀರಿ.

ಎರಡು ಗಂಟೆ ಆದ್ಮೇಲೂ ಹೋಗ್ಲಿಲ್ಲ ಅಂದ್ರೆ ಔಟ್‌ಲುಕ್ ಬಿಟ್ಟು ಅದೇ ಯೂಸರ್ ಹತ್ರ ಬ್ರೌಸರಲ್ಲಿ ವೆಬ್ ಮೇಲ್ ತೆರೆಸಿ ಅಲ್ಲಿಂದ ಕಳ್ಸಿ ನೋಡಿ. ವೆಬ್ ಮೇಲ್ ನೇರ ಸರ್ವರ್ ಹತ್ರ ಮಾತಾಡತ್ತೆ. ಅಲ್ಲಿ ಹೋಯ್ತು ಅಂದ್ರೆ ನೀವು ಕೊಟ್ಟ ಪರ್ಮಿಷನ್ ಸರಿ ಇದೆ, ತಪ್ಪು ಆ ಕಂಪ್ಯೂಟರಲ್ಲಿರೋ ಔಟ್‌ಲುಕ್‌ದು, ಸರ್ವರಲ್ಲಿ ಏನೂ ಮುಟ್ಟೋದು ಬೇಡ. ಅಲ್ಲೂ ಹೋಗ್ಲಿಲ್ಲ ಅಂದ್ರೆ ಮಾತ್ರ ಸರ್ವರ್ ಕಡೆ ನೋಡಿ. ಈ ಒಂದು ಟೆಸ್ಟ್ ಮಾಡ್ದೇ ದಿನಗಟ್ಲೆ ಪರ್ಮಿಷನ್ ಕಿತ್ತು ಹಾಕ್ತಾ ಕೂರೋರು ಎಷ್ಟು ಜನ ಅಂತೀರ.

ವೆಬ್‌ನಲ್ಲಿ ಹೋಗಿ ಔಟ್‌ಲುಕ್‌ನಲ್ಲಿ ಹೋಗ್ತಿಲ್ಲ ಅಂದ್ರೆ ಹೀಗೆ ಮಾಡಿಸಿ. ಹೊಸ ಮೇಲ್ ತೆಗೆದು ಫ್ರಮ್ ಅನ್ನೋ ಜಾಗದಲ್ಲಿ ಬಿಲ್ಲಿಂಗ್ ಅಂತ ಟೈಪ್ ಮಾಡ್ದಾಗ ಕೆಳಗೆ ಒಂದು ಹಳೇ ಹೆಸರು ತಾನಾಗೇ ಬರತ್ತೆ ನೋಡಿ, ಅದನ್ನ ಆರಿಸ್ಬೇಡಿ, ಪಕ್ಕದಲ್ಲಿರೋ ಇಂಟು ಗುರುತು ಒತ್ತಿ ಅಳಿಸಿಬಿಡಿ. ಆಮೇಲೆ ಫ್ರಮ್ ಬಟನ್ ಒತ್ತಿ, ಇತರೆ ವಿಳಾಸ ಅನ್ನೋದಕ್ಕೆ ಹೋಗಿ, ಗ್ಲೋಬಲ್ ಅಡ್ರೆಸ್ ಲಿಸ್ಟಿಂದ (ಆಫೀಸಿನ ಎಲ್ಲಾ ವಿಳಾಸಗಳ ಪಟ್ಟಿ) ಬಿಲ್ಲಿಂಗ್ ಅನ್ನ ಹೊಸದಾಗಿ ಆರಿಸಿ. ಔಟ್‌ಲುಕ್ ತನ್ನ ಹತ್ರ ಇರೋ ಅಡ್ರೆಸ್ ಬುಕ್ಕಿನ ನಕಲನ್ನ ದಿನಕ್ಕೆ ಒಂದೇ ಸಲ ಅಪ್‌ಡೇಟ್ ಮಾಡ್ಕೊಳ್ಳತ್ತೆ, ಹಾಗಾಗಿ ನಿನ್ನೆ ಮಾಡಿದ ಬದಲಾವಣೆ ಅದಕ್ಕೆ ಇವತ್ತು ತಿಳಿದಿರದೇ ಇರಬಹುದು. ಸೆಂಡ್ ರಿಸೀವ್ ಟ್ಯಾಬಲ್ಲಿ ಅಡ್ರೆಸ್ ಬುಕ್ ಡೌನ್‌ಲೋಡ್ ಅಂತ ಇರತ್ತೆ, ಕೈಯಾರೆ ಒಂದ್ಸಲ ಮಾಡಿಸಿ. ಇನ್ನೊಂದು, ಬಿಲ್ಲಿಂಗ್ ಮೇಲ್‌ಬಾಕ್ಸನ್ನ ಅಡ್ರೆಸ್ ಲಿಸ್ಟಿಂದ ಹೈಡ್ ಮಾಡಿದೀರಾ ನೋಡಿ. ಹೊಸಬ್ರಿಗೆ ಕಾಣದೇ ಇರ್ಲಿ ಅಂತ ಹೈಡ್ ಮಾಡಿರ್ತಾರೆ, ಹೈಡ್ ಆಗಿದ್ರೆ ಸೆಂಡ್ ಆಸ್ ಇದ್ರೂ ಔಟ್‌ಲುಕ್ ಅನುಮತಿ ಇಲ್ಲ ಅಂತ ಅದೇ ಸಂದೇಶ ಕೊಡತ್ತೆ.

ನಿಮ್ಮಲ್ಲಿ ಕೆಲವ್ರ ಮೇಲ್‌ಬಾಕ್ಸ್ ಸ್ವಂತ ಸರ್ವರಲ್ಲಿ, ಕೆಲವ್ರದ್ದು ಕ್ಲೌಡಲ್ಲಿ ಅಂತ ಇದ್ಯಾ? ಹಾಗಿದ್ರೆ ಸೆಂಡ್ ಆಸ್ ಒಂದು ಕಡೆ ಕೊಟ್ರೆ ಇನ್ನೊಂದು ಕಡೆಗೆ ತಾನಾಗಿ ಹೋಗಲ್ಲ, ಎರಡೂ ಕಡೆ ಕೊಡ್ಬೇಕು.

ಗ್ರೂಪಲ್ಲಿದ್ದ ಇಬ್ಬರ ಕಥೆ ಬಹಳ ಸಿಂಪಲ್. ಔಟ್‌ಲುಕ್‌ನಲ್ಲಿ ಮೇಲ್‌ಬಾಕ್ಸ್ ತಾನಾಗೇ ಬಂದು ಕೂರೋದಕ್ಕೆ ಆಟೋಮ್ಯಾಪಿಂಗ್ ಅಂತಾರೆ, ಎಕ್ಸ್‌ಚೇಂಜ್ 2010ರ ಮೊದಲ ಸರ್ವಿಸ್ ಪ್ಯಾಕಿಂದ ಬಂದಿದ್ದು ಅದು. ಅದು ಹೆಸರು ಹಾಕಿ ಕೊಟ್ಟವ್ರಿಗೆ ಮಾತ್ರ ಕೆಲ್ಸ ಮಾಡತ್ತೆ, ಗ್ರೂಪಿಗೆ ಕೊಟ್ರೆ ಆ ಗ್ರೂಪಲ್ಲಿರೋರಿಗೆ ಬರಲ್ಲ. ಪರ್ಮಿಷನ್ ಇರತ್ತೆ, ಅವ್ರು ಅಕೌಂಟ್ ಸೆಟ್ಟಿಂಗ್ಸಿಗೆ ಹೋಗಿ ಅಡ್ವಾನ್ಸ್ಡ್‌ನಲ್ಲಿ ಹೆಚ್ಚುವರಿ ಮೇಲ್‌ಬಾಕ್ಸ್ ಅಂತ ಕೈಯಾರೆ ಸೇರಿಸ್ಕೋಬೇಕು ಅಷ್ಟೇ. ಆದ್ರೆ ಆ ಗ್ರೂಪ್ ಎಂಥದ್ದು ಅಂತ ನೋಡಿ, ಬರೀ ಡಿಸ್ಟ್ರಿಬ್ಯೂಷನ್ ಗ್ರೂಪ್ (ಮೇಲ್ ಹಂಚೋಕೆ ಮಾತ್ರ ಇರೋದು) ಆಗಿದ್ರೆ ನಡೆಯಲ್ಲ, ಮೇಲ್ ಎನೇಬಲ್ ಆಗಿರೋ ಸೆಕ್ಯುರಿಟಿ ಗ್ರೂಪ್ (ಹಕ್ಕು ಕೊಡೋಕೂ ಬಳಸೋದು) ಆಗಿರ್ಬೇಕು. ಸ್ವಂತ ಸರ್ವರ್ ಆದ್ರೆ ಗ್ರೂಪಿಗೆ ಹೊಸದಾಗಿ ಸೇರಿಸಿದವ್ರು ಒಂದ್ಸಲ ವಿಂಡೋಸಿಂದ ಲಾಗ್ ಆಫ್ ಆಗಿ ಬರ್ಬೇಕು, ಇಲ್ಲಾಂದ್ರೆ ಹೊಸ ಸದಸ್ಯತ್ವ ಗೊತ್ತಾಗಲ್ಲ.

ಹೆಸರು ಹಾಕಿ ಕೊಡೋದಾ, ಗ್ರೂಪಿಗಾ ಅಂದ್ರೆ ನನ್ನ ಓಟು ಗ್ರೂಪಿಗೆ. ಕೈಯಾರೆ ಸೇರಿಸ್ಕೊಳ್ಳೋ ಐದು ನಿಮಿಷದ ತೊಂದರೆ ಒಂದೇ ಸಲ, ಆದ್ರೆ ಜನ ಬಂದಾಗ ಹೋದಾಗ ಗ್ರೂಪಲ್ಲಿ ಒಂದು ಹೆಸರು ಸೇರಿಸಿ ತೆಗೆದ್ರೆ ಮುಗೀತು, ಒಬ್ರು ಬಿಟ್ಟೋದಾಗ ಅವ್ರ ಹೆಸರು ಯಾವ್ಯಾವ ಮೇಲ್‌ಬಾಕ್ಸಲ್ಲಿ ಅಂಟ್ಕೊಂಡಿದೆ ಅಂತ ಹುಡುಕೋ ಗೋಳಿಲ್ಲ. ಎರಡು ಗ್ರೂಪ್ ಮಾಡಿ, ಓದೋರದ್ದು ಒಂದು, ಕಳ್ಸೋರದ್ದು ಒಂದು. ಆರೇ ಜನ, ಯಾರೂ ಬದಲಾಗಲ್ಲ ಅನ್ನೋದಾದ್ರೆ ಹೆಸರು ಹಾಕಿ ಕೊಡೋದ್ರಲ್ಲೂ ತಪ್ಪೇನಿಲ್ಲ. ಆಟೋಮ್ಯಾಪಿಂಗ್ ಆದ ಮೇಲ್‌ಬಾಕ್ಸನ್ನ ಯೂಸರ್ ಬೇಡ ಅಂದ್ರೂ ಔಟ್‌ಲುಕ್‌ನಲ್ಲಿ ರೈಟ್ ಕ್ಲಿಕ್ ಮಾಡಿ ಮುಚ್ಚೋಕಾಗಲ್ಲ ಅನ್ನೋದು ನೆನಪಿರ್ಲಿ. ಅದನ್ನ ತೆಗೀಬೇಕು ಅಂದ್ರೆ ನೀವು ಫುಲ್ ಆಕ್ಸೆಸ್ ತೆಗೆದು, ಪವರ್‌ಶೆಲ್‌ನಲ್ಲಿ ಆಡ್-ಮೇಲ್‌ಬಾಕ್ಸ್‌ಪರ್ಮಿಷನ್ ಕಮ್ಯಾಂಡಿಗೆ ಆಟೋಮ್ಯಾಪಿಂಗ್ ಫಾಲ್ಸ್ ಅಂತ ಸೇರಿಸಿ ಮತ್ತೆ ಕೊಡ್ಬೇಕು. ಮೇಲ್‌ಬಾಕ್ಸ್ ದೊಡ್ಡದಾಗಿ ಔಟ್‌ಲುಕ್ ತೆವಳ್ತಾ ಇದ್ರೆ ಇದು ಉಪಯೋಗಕ್ಕೆ ಬರತ್ತೆ, ಯಾಕಂದ್ರೆ ಡಿಫಾಲ್ಟಾಗಿ ಅದು ಶೇರ್ಡ್ ಮೇಲ್‌ಬಾಕ್ಸನ್ನೂ ಕಂಪ್ಯೂಟರಿಗೆ ಇಳಿಸ್ಕೊಳ್ಳತ್ತೆ.

ಕಳ್ಸಿದ್ದು ಒಬ್ರದ್ದು ಇನ್ನೊಬ್ರಿಗೆ ಕಾಣ್ತಿಲ್ಲ ಅಂದ್ರಲ್ಲ, ಅದು ತಪ್ಪಲ್ಲ, ಡಿಫಾಲ್ಟೇ ಹಾಗೆ. ಕಳ್ಸಿದ ಮೇಲ್ ಕಳ್ಸಿದವ್ರ ಸ್ವಂತ ಸೆಂಟ್ ಐಟಮ್ಸಲ್ಲಿ ಹೋಗಿ ಕೂರತ್ತೆ. ಕ್ಲೌಡಲ್ಲಿ ಶೇರ್ಡ್ ಮೇಲ್‌ಬಾಕ್ಸಿನ ಸೆಟ್ಟಿಂಗ್ಸಲ್ಲೇ ಸೆಂಟ್ ಐಟಮ್ಸ್ ಅಂತ ಆಯ್ಕೆ ಇದೆ, ಸ್ವಂತ ಸರ್ವರಲ್ಲಿ ಸೆಟ್-ಮೇಲ್‌ಬಾಕ್ಸ್ ಜೊತೆ ಮೆಸೇಜ್‌ಕಾಪಿಫಾರ್‌ಸೆಂಟ್‌ಆಸ್‌ಎನೇಬಲ್ಡ್ ಅನ್ನೋದನ್ನ ಟ್ರೂ ಮಾಡಿ. ಬಿಹಾಫ್‌ಗೆ ಇದೇ ಥರ ಬೇರೆ ಸೆಟ್ಟಿಂಗ್ ಇದೆ, ಒಂದನ್ನ ಮಾಡಿದ್ರೆ ಇನ್ನೊಂದು ಆಗಲ್ಲ. ಆಮೇಲಿಂದ ಒಂದು ಪ್ರತಿ ಬಿಲ್ಲಿಂಗ್‌ನಲ್ಲೂ ಒಂದು ಪ್ರತಿ ಕಳ್ಸಿದವ್ರ ಹತ್ರಾನೂ ಇರತ್ತೆ. ಹಳೇ ಮೇಲ್‌ಗಳು ವಾಪಸ್ ಬರಲ್ಲ. ಡಿಲೀಟ್ ವಿಷ್ಯದಲ್ಲೂ ಇದೇ ಗುಣ, ಔಟ್‌ಲುಕ್‌ನಲ್ಲಿ ಬಿಲ್ಲಿಂಗ್‌ನ ಮೇಲ್ ಒಬ್ರು ಅಳಿಸಿದ್ರೆ ಅದು ಅಳಿಸಿದವ್ರ ಸ್ವಂತ ಡಿಲೀಟೆಡ್ ಐಟಮ್ಸಿಗೆ ಹೋಗತ್ತೆ. ಮೇಲ್ ಮಾಯ ಆಯ್ತು ಅಂತ ಯಾರಾದ್ರೂ ಬಂದ್ರೆ ಮೊದ್ಲು ಉಳಿದ ಐದು ಜನರ ಕಸದ ಬುಟ್ಟಿ ನೋಡಿ.

ಆಮೇಲೆ, ಫುಲ್ ಆಕ್ಸೆಸ್ ಇದ್ದವ್ರು ಡಿಲೀಟ್ ಮಾಡದ ಹಾಗೆ ತಡೆಯೋಕೆ ಆಗಲ್ಲ, ಅದಕ್ಕೆ ಟಿಕ್ ಬಾಕ್ಸ್ ಇಲ್ಲ. ಪೂರ್ತಿ ಅಳಿಸಿದ ಮೇಲೂ ಡಿಫಾಲ್ಟಾಗಿ 14 ದಿನ ವಾಪಸ್ ತರಬಹುದು, ಕ್ಲೌಡಲ್ಲಿ ಅದನ್ನ 30 ದಿನದವರೆಗೆ ಏರಿಸಬಹುದು, ನೀವು ಏರಿಸಿ. ನೋಡೋಕೆ ಮಾತ್ರ ಬೇಕು ಅನ್ನೋರಿಗೆ ಫುಲ್ ಆಕ್ಸೆಸ್ ಬದಲು ಇನ್‌ಬಾಕ್ಸಿಗೆ ಮಾತ್ರ ರಿವ್ಯೂವರ್ ಅಂತ ಫೋಲ್ಡರ್ ಪರ್ಮಿಷನ್ ಕೊಡಬಹುದು. ಹೀಗೆ ಕೊಟ್ರೆ ಎರಡು ಕಿರಿಕಿರಿ ಇದೆ. ಮೇಲ್‌ಬಾಕ್ಸಿನ ತಲೆಯಲ್ಲಿರೋ ಮೂಲ ಫೋಲ್ಡರಿಗೂ ಫೋಲ್ಡರ್ ವಿಸಿಬಲ್ ಅಂತ ಕೊಡ್ಬೇಕು, ಇಲ್ಲಾಂದ್ರೆ ಒಳಗಿನದ್ದು ಕಾಣಲ್ಲ. ಮತ್ತೆ ಇನ್‌ಬಾಕ್ಸಿನ ಒಳಗೆ ಮೊದ್ಲೇ ಇರೋ ಸಬ್ ಫೋಲ್ಡರ್‌ಗಳಿಗೆ ಅದು ತಾನಾಗಿ ಇಳಿಯಲ್ಲ, ಒಂದೊಂದಕ್ಕೂ ಕೊಡ್ಬೇಕು.

ಫುಲ್ ಆಕ್ಸೆಸ್ಸಿನ ಒಂದು ಅಪಾಯ ಯಾರೂ ಯೋಚ್ನೆ ಮಾಡಲ್ಲ, ರೂಲ್ಸ್. ಅದು ಇದ್ದವ್ರು ಬಿಲ್ಲಿಂಗ್‌ಗೆ ಬರೋ ಎಲ್ಲಾ ಮೇಲನ್ನ ಹೊರಗಿನ ಐಡಿಗೆ ಫಾರ್ವರ್ಡ್ ಆಗೋ ಹಾಗೆ ರೂಲ್ ಹಾಕಿಟ್ರೆ, ಆಮೇಲೆ ನೀವು ಅವ್ರ ಪರ್ಮಿಷನ್ ತೆಗೆದ್ರೂ ರೂಲ್ ಅಲ್ಲೇ ಇರತ್ತೆ. ಕೆಲ್ಸ ಬಿಟ್ಟವ್ರು ಕೆಟ್ಟವ್ರು ಅಂತ ಅಲ್ಲ, ಆದ್ರೂ ಗೆಟ್-ಇನ್‌ಬಾಕ್ಸ್‌ರೂಲ್ ಒಂದ್ಸಲ ಓಡಿಸಿ ನೋಡಿ. ಕ್ಲೌಡಲ್ಲಿ ಹೊರಗಡೆ ಆಟೋ ಫಾರ್ವರ್ಡ್ ಡಿಫಾಲ್ಟಾಗಿ ಬ್ಲಾಕ್ ಇರತ್ತೆ, ಸ್ವಂತ ಸರ್ವರಲ್ಲಿ ಅದು ನಿಮ್ಮ ಸೆಟ್ಟಿಂಗ್ ಮೇಲೆ ಹೋಗತ್ತೆ.

ಲೈಸೆನ್ಸ್ ನೀವು ಕೇಳಿಲ್ಲ, ಆದ್ರೂ ಹೇಳ್ಬಿಡ್ತೀನಿ. ಕ್ಲೌಡಲ್ಲಿ ಶೇರ್ಡ್ ಮೇಲ್‌ಬಾಕ್ಸ್ 50 ಜಿಬಿ ಒಳಗಿದ್ರೆ ಲೈಸೆನ್ಸ್ ಬೇಡ, ಹಳೇ ಲೈಸೆನ್ಸ್ ಬಿಡಿಸಿ ಬೇರೆಯವ್ರಿಗೆ ಕೊಡಬಹುದು. ತೆರೆಯೋ ಆರು ಜನಕ್ಕೆ ಮಾತ್ರ ಅವ್ರವ್ರ ಲೈಸೆನ್ಸ್ ಇರ್ಬೇಕು. ಜನ ಜಾಸ್ತಿ ಆದ್ರೆ, ಒಂದೇ ಹೊತ್ತಿಗೆ 25ಕ್ಕಿಂತ ಹೆಚ್ಚು ಜನ ತೆರೆಯೋದು ಬೇಡ ಅಂತ ಮೈಕ್ರೋಸಾಫ್ಟೇ ಹೇಳತ್ತೆ, ನಿಮಗೆ ಆ ಚಿಂತೆ ಇಲ್ಲ.

ಮ್ಯಾನೇಜರ್ ರಜೆ ವಿಷ್ಯ. ಅವ್ರು ಫುಲ್ ಆಕ್ಸೆಸ್ ಕೊಡು ಅಂದ್ರು ಅಂತ ಕೊಟ್ಬಿಡ್ಬೇಡಿ, ಅವ್ರ ತಲೇಲಿ ಇರೋದು ನಾನಿಲ್ದಾಗ ಬರೋ ಮೇಲ್ ಯಾರಾದ್ರೂ ನೋಡ್ಲಿ ಅಂತ, ಅಷ್ಟೇ. ಫುಲ್ ಆಕ್ಸೆಸ್ ಕೊಟ್ರೆ ಆ ನೌಕರರು ಮ್ಯಾನೇಜರ್‌ಗೆ ಎಚ್‌ಆರ್ ಕಳ್ಸಿದ ಸಂಬಳದ ಹಾಳೆ, ತನ್ನ ಬಗ್ಗೆ ಬರೆದಿರೋ ವರ್ಷದ ರಿವ್ಯೂ, ವರ್ಷಗಳ ಹಿಂದಿನ ಮೇಲ್ ಎಲ್ಲಾ ಓದಬಹುದು. ಈ ಮಾತನ್ನ ಹೀಗೇ ಹೇಳಿ, ಮುಖ ನೋಡಿ, ತಕ್ಷಣ ಬೇಡ ಅಂತಾರೆ. ಇನ್‌ಬಾಕ್ಸಿಗೆ ಮಾತ್ರ ರಿವ್ಯೂವರ್ ಕೊಟ್ರೂ ಇನ್‌ಬಾಕ್ಸಲ್ಲಿ ಈಗಾಗಲೇ ಇರೋದು ಕಾಣತ್ತೆ, ಹಾಗಾಗಿ ಅವ್ರು ರಜೆಗೆ ಮುಂಚೆ ಇನ್‌ಬಾಕ್ಸ್ ಖಾಲಿ ಮಾಡಿ ಬೇರೆ ಫೋಲ್ಡರಿಗೆ ಸರಿಸ್ಲಿ. ಅದಕ್ಕಿಂತ ಸುಲಭ ಅಂದ್ರೆ ಇಂಥವರಿಂದ ಬರೋ ಮೇಲ್ ಇಂಥ ಸಹೋದ್ಯೋಗಿಗೆ ಒಂದು ಪ್ರತಿ ಹೋಗ್ಲಿ ಅಂತ ಅವ್ರೇ ಒಂದು ರೂಲ್ ಹಾಕಿ, ಜೊತೆಗೆ ಆಟೋ ರಿಪ್ಲೈ ಇಟ್ಟು ಹೋಗೋದು. ಉತ್ತರಾನೂ ಕೊಡ್ಬೇಕು ಅಂದ್ರೆ ಇಲ್ಲಿ ಮಾತ್ರ ಸೆಂಡ್ ಆನ್ ಬಿಹಾಫ್ ಕೊಡಿ, ಸೆಂಡ್ ಆಸ್ ಬೇಡವೇ ಬೇಡ. ಒಬ್ಬ ವ್ಯಕ್ತಿ ಹೆಸರಲ್ಲಿ ಇನ್ನೊಬ್ರು ಬರೆದಿದ್ದು ಅಂತ ಓದೋರಿಗೆ ಗೊತ್ತಾಗ್ಬೇಕು. ಏನೇ ಕೊಟ್ರೂ ಮ್ಯಾನೇಜರ್‌ರಿಂದ ಒಂದು ಸಾಲು ಮೇಲಲ್ಲಿ ಬರೆಸ್ಕೊಳ್ಳಿ, ವಾಪಸ್ ಬರೋ ದಿನಾಂಕ ನಿಮ್ಮ ಕ್ಯಾಲೆಂಡರಲ್ಲಿ ಹಾಕ್ಕೊಂಡು ಅವತ್ತೇ ತೆಗೀರಿ.

ಅಡ್ಮಿನ್ ಎಲ್ರ ಮೇಲ್ ಓದ್ತಾನೆ ಅನ್ನೋರಿಗೆ ಇರೋದನ್ನ ಇರೋ ಹಾಗೆ ಹೇಳಿ. ಅಡ್ಮಿನ್ ಅಂದ ಮಾತ್ರಕ್ಕೆ ಯಾರ ಮೇಲ್‌ಬಾಕ್ಸೂ ತೆರೆದಿರಲ್ಲ, ಬೇಕಂದ್ರೆ ತನಗೆ ತಾನೇ ಪರ್ಮಿಷನ್ ಕೊಟ್ಕೊಂಡು ತೆರೀಬಹುದು, ಅದು ನಿಜ. ಆದ್ರೆ ಕೊಟ್ಕೊಂಡಿದ್ದು ಅಡ್ಮಿನ್ ಆಡಿಟ್ ಲಾಗಲ್ಲಿ ಹೆಸರು ಹೊತ್ತು ಸಮೇತ ಬೀಳತ್ತೆ. ಐಟಿಯಲ್ಲಿ ನೀವೊಬ್ರೇ ಇದ್ದೀರಲ್ಲ, ಆ ಲಾಗ್ ನೋಡೋ ಹಕ್ಕನ್ನ ನಿಮ್ಮನ್ನ ಬಿಟ್ಟು ಇನ್ನೊಬ್ರಿಗೂ ಕೊಟ್ಟಿಡಿ, ಮ್ಯಾನೇಜರೇ ಆದ್ರೂ ಪರ್ವಾಗಿಲ್ಲ. ನಾಳೆ ಯಾರಾದ್ರೂ ಸೀರಿಯಸ್ಸಾಗಿ ಬೊಟ್ಟು ಮಾಡಿದ್ರೆ ನೀವು ಬಾಯಲ್ಲಿ ವಾದ ಮಾಡೋದು ಬೇಕಾಗಲ್ಲ.